ದಿನಕ್ಕೆ 73 ಡಾಲರ್ ಬಡ್ಡಿ

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ಒಂದು ವರ್ಷದ ಬೋಧನಾ ಶುಲ್ಕವೇ 80 ಸಾವಿರ ಡಾಲರ್ ದಾಟಿದೆ. ಬಾಡಿಗೆ, ಊಟ, ಪುಸ್ತಕ, ವಿಮೆ ಎಲ್ಲ ಸೇರಿದರೆ ವರ್ಷದ ಖರ್ಚು ಒಂದು ಲಕ್ಷ ಡಾಲರಿಗೂ ಮೇಲೆ ಹೋಗುತ್ತದೆ. ಮನೆಯಲ್ಲಿ ಅನುಕೂಲವಿಲ್ಲದ, ಆದರೆ ಸ್ವಂತ ಬುದ್ಧಿಯಿಂದ ಸೀಟು ಗಿಟ್ಟಿಸಿಕೊಂಡ ಒಬ್ಬ ಅಮೆರಿಕನ್ ಹುಡುಗಿ 2024ರಲ್ಲಿ ಅಲ್ಲಿಗೆ ಸೇರಿದಳು ಎಂದುಕೊಳ್ಳೋಣ. ಮೂರು ವರ್ಷದ ಪೂರ್ಣಾವಧಿ ಓದು. ಲೆಕ್ಕ ಸುಲಭವಾಗಲೆಂದು ವರ್ಷಕ್ಕೆ ಸರಿಯಾಗಿ ಒಂದು ಲಕ್ಷ ಡಾಲರ್ ಸಾಲ ಎಂದಿಟ್ಟುಕೊಳ್ಳೋಣ. ಕೊಡುವುದು ಖಾಸಗಿ ಬ್ಯಾಂಕಲ್ಲ, ಅಮೆರಿಕದ ಕೇಂದ್ರ ಸರ್ಕಾರ.

2024-25ರ ದರದಲ್ಲಿ ಮೊದಲ 20,500 ಡಾಲರಿಗೆ ಬಡ್ಡಿ ಶೇ. 8.08. ಉಳಿದ 79,500 ಡಾಲರ್ ‘ಗ್ರ್ಯಾಡ್ ಪ್ಲಸ್’ ಎಂಬ ಇನ್ನೊಂದು ಯೋಜನೆಯಿಂದ ಬರುತ್ತದೆ, ಅದಕ್ಕೆ ಶೇ. 9.08. ಮೂರು ವರ್ಷವೂ ಇದೇ ದರವಿದ್ದರೆ, ಓದು ಮುಗಿಯುವ ಹೊತ್ತಿಗೆ ಮೂರು ಲಕ್ಷ ಡಾಲರ್ ಅಸಲಿನ ಮೇಲೆ ದಿನವೊಂದಕ್ಕೆ 73 ಡಾಲರ್ ಬಡ್ಡಿ ಬೆಳೆಯುತ್ತಿರುತ್ತದೆ. ಡಾಲರಿಗೆ 85 ರೂಪಾಯಿಯಂತೆ (ಈ ಬರಹದುದ್ದಕ್ಕೂ ಅದೇ ದರ ಹಿಡಿದಿದ್ದೇನೆ) ದಿನಕ್ಕೆ ಸುಮಾರು 6,200 ರೂಪಾಯಿ. ಕರ್ನಾಟಕದಲ್ಲಿ 2025-26ಕ್ಕೆ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಬಿಸಿಲಲ್ಲಿ ಕೆರೆ ಹೂಳೆತ್ತುವ ಹದಿನೇಳು ಮಂದಿಯ ಒಂದು ದಿನದ ಕೂಲಿಯಷ್ಟು ಹಣ, ಭಾನುವಾರ ಹಬ್ಬ ಹುಣ್ಣಿಮೆ ಅನ್ನದೆ, ಒಬ್ಬಳ ಸಾಲದ ಮೇಲೆ ಬಡ್ಡಿಯಾಗಿ ಬೀಳುತ್ತದೆ.

ಅವಳು ತರಗತಿಯಲ್ಲಿ ಕೂತಿರುವಾಗಲೂ ಬಡ್ಡಿ ನಿಲ್ಲುವುದಿಲ್ಲ. ಓದುವಾಗ ಕಂತು ಕಟ್ಟಬೇಕಿಲ್ಲ ಎಂಬುದು ನಿಜ. ಆದರೆ ಹಣ ಬಿಡುಗಡೆಯಾದ ದಿನದಿಂದಲೇ ಬಡ್ಡಿಯ ಲೆಕ್ಕ ಶುರು. ಸೆಮಿಸ್ಟರಿಗೊಮ್ಮೆ ಹಣ ಬಂತೆಂದು ಲೆಕ್ಕ ಹಾಕಿದರೆ ಪದವಿ ಕೈಗೆ ಬರುವ ದಿನ ಸುಮಾರು 40 ಸಾವಿರ ಡಾಲರ್ ಬಡ್ಡಿ ಕೂಡಿಕೊಂಡಿರುತ್ತದೆ. ಕೆಲಸ ಹುಡುಕಿಕೊಳ್ಳಲೆಂದು ಕೊಡುವ ಆರು ತಿಂಗಳ ಬಿಡುವಿನಲ್ಲಿ ಇನ್ನೂ 13 ಸಾವಿರ ಸೇರುತ್ತದೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು 4,460 ಡಾಲರ್ ಆಸುಪಾಸು, ಅಂದರೆ 3 ಲಕ್ಷ 79 ಸಾವಿರ ರೂಪಾಯಿ. ಹತ್ತು ವರ್ಷ ತುಂಬುವಾಗ ಮೂರು ಲಕ್ಷ ಡಾಲರ್ ಪಡೆದವಳು 5 ಲಕ್ಷ 35 ಸಾವಿರ ಡಾಲರ್ ಕಟ್ಟಿರುತ್ತಾಳೆ.

ಮೂರು ಲಕ್ಷ ಪಡೆದವಳು ಎಂದೆ, ಅದೂ ಪೂರ್ತಿ ಸರಿಯಲ್ಲ. ಸಾಲ ಕೊಡುವಾಗಲೇ ಸರ್ಕಾರ ಒಂದು ಶುಲ್ಕ ಮುರಿದುಕೊಳ್ಳುತ್ತದೆ: ಮೊದಲ ಬಗೆಯ ಸಾಲಕ್ಕೆ ಶೇ. 1.057, ಗ್ರ್ಯಾಡ್ ಪ್ಲಸ್‌ಗೆ ಶೇ. 4.228. ನಮ್ಮ ಸಂತೆ ಊರುಗಳಲ್ಲಿ ಬಡ್ಡಿ ವ್ಯಾಪಾರದವನು ಮೊದಲ ತಿಂಗಳ ಬಡ್ಡಿ ಹಿಡಿದುಕೊಂಡೇ ನೋಟು ಎಣಿಸುವ ಹಾಗೆ. ಈ ಹುಡುಗಿಯ ಮೂರು ವರ್ಷದ ಸಾಲದಲ್ಲಿ ಹೀಗೆ ಹೋಗುವುದು ಹತ್ತು ಸಾವಿರ ಡಾಲರಿಗೂ ಹೆಚ್ಚು. ಆ ಹಣ ಅವಳ ಕೈಗೆ ಬರುವುದಿಲ್ಲ, ಆದರೆ ಅದಕ್ಕೂ ಬಡ್ಡಿ ಬೆಳೆಯುತ್ತದೆ.

ಇದು ಒಬ್ಬಳ ಲೆಕ್ಕ. ಇಂಥ ಸಾಲ ಪಡೆದು ಇನ್ನೂ ತೀರಿಸದೆ ಇರುವವರು ಅಮೆರಿಕದಲ್ಲಿ 4 ಕೋಟಿ 20 ಲಕ್ಷಕ್ಕೂ ಹೆಚ್ಚು ಮಂದಿ. ಎಲ್ಲರ ಬಾಕಿಯೂ ಅವಳದರಷ್ಟು ದೊಡ್ಡದಲ್ಲ. ಸರಾಸರಿ ತೆಗೆದರೆ ತಲೆಗೆ 38 ಸಾವಿರ ಡಾಲರ್ ಹತ್ತಿರ ಬರುತ್ತದೆ. ಒಟ್ಟು ಬಾಕಿ ಸುಮಾರು 1.6 ಲಕ್ಷ ಕೋಟಿ ಡಾಲರ್. ಆ ದೇಶದ ಜನರೆಲ್ಲ ಕ್ರೆಡಿಟ್ ಕಾರ್ಡ್‌ಗಳಲ್ಲಿ ಇಟ್ಟುಕೊಂಡಿರುವ ಬಾಕಿಗಿಂತ ಇದು ಹೆಚ್ಚು. ರೂಪಾಯಿಗೆ ತಿರುಗಿಸಿದರೆ 136 ಲಕ್ಷ ಕೋಟಿ. ಕರ್ನಾಟಕ ಸರ್ಕಾರ 2025-26ಕ್ಕೆ ಮಂಡಿಸಿದ ಬಜೆಟ್ 4,09,549 ಕೋಟಿ ರೂಪಾಯಿಯದು. ರಸ್ತೆ, ಆಸ್ಪತ್ರೆ, ಸಂಬಳ, ಪಿಂಚಣಿ, ಗ್ಯಾರಂಟಿ ಯೋಜನೆ ಎಲ್ಲವನ್ನೂ ನಿಲ್ಲಿಸಿ, ಆ ಇಡೀ ಮೊತ್ತವನ್ನು ವರ್ಷ ವರ್ಷ ಅಮೆರಿಕನ್ ವಿದ್ಯಾರ್ಥಿಗಳ ಸಾಲಕ್ಕೆ ಕಟ್ಟುತ್ತಾ ಹೋದರೂ ಅಸಲು ತೀರಲು 33 ವರ್ಷ ಬೇಕು. ಭಾರತದ ಕೇಂದ್ರ ಬಜೆಟ್ಟಿನ ಎರಡೂವರೆ ಪಟ್ಟಿಗೂ ಹೆಚ್ಚು ಹಣ ಅದು.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ಈ ಒಟ್ಟು ಮೊತ್ತವಲ್ಲ, ಅದರ ಹಂಚಿಕೆ. ಅಮೆರಿಕದ ಕಾಲೇಜು ವಿಶ್ವವಿದ್ಯಾಲಯಗಳಲ್ಲಿ ಓದುವವರಲ್ಲಿ ಹೆಚ್ಚುಕಡಿಮೆ ಆರರಲ್ಲಿ ಒಬ್ಬರು ಸ್ನಾತಕೋತ್ತರದವರು, ಅಂದರೆ ಎಂಎ, ಪಿಎಚ್‌ಡಿ ಓದುವವರು, ವೈದ್ಯರು, ವಕೀಲರು ಆಗುವವರು. ಆದರೆ ಈಚಿನ ವರ್ಷಗಳಲ್ಲಿ ಕೇಂದ್ರ ಸರ್ಕಾರ ಹೊಸದಾಗಿ ಕೊಡುವ ಸಾಲದಲ್ಲಿ ಅರ್ಧದ ಹತ್ತಿರದ ಪಾಲು ಈ ಆರನೆಯವರ ಹೆಸರಿನಲ್ಲಿದೆ. ಪದವಿ ಓದುವ ಬಡ ವಿದ್ಯಾರ್ಥಿಗೆ ‘ಪೆಲ್’ ಎಂಬ ಸಹಾಯಧನವಿದೆ. ವರ್ಷಕ್ಕೆ 7,395 ಡಾಲರ್ ತನಕ ಸಿಗುತ್ತದೆ, ಹಿಂದಿರುಗಿಸಬೇಕಿಲ್ಲ. ಅದೇ ವಿದ್ಯಾರ್ಥಿ ಪದವಿ ಮುಗಿಸಿ ಮೇಲಿನ ತರಗತಿಗೆ ಕಾಲಿಟ್ಟ ದಿನ ಆ ಬಾಗಿಲು ಮುಚ್ಚುತ್ತದೆ. ಬಡತನ ಬೇಸಿಗೆ ರಜೆಯಲ್ಲಿ ಹೋಗಿಬಿಡುವುದಿಲ್ಲ. ಆದರೂ ಅಲ್ಲಿಂದ ಮುಂದೆ ಬಹುಪಾಲು ಜನರಿಗೆ ಸರ್ಕಾರದಿಂದ ಸಿಗುವುದು ಸಾಲವೊಂದೇ.

ಮೊದಲಿನಿಂದ ಹೀಗಿರಲಿಲ್ಲ. ಇಂದಿನ ಅಂಕಿಗಳು ಎಷ್ಟು ದೂರ ಬಂದಿವೆ ಎಂದು ತಿಳಿಯಲು ಶುರುವಿನ ಅಂಕಿಗಳನ್ನು ನೋಡಬೇಕು.

1944ರ ಜೂನ್ 22ರಂದು, ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ, ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಒಂದು ಕಾಯ್ದೆಗೆ ಸಹಿ ಹಾಕಿದರು. ಅದೇ ಮುಂದೆ ‘ಜಿಐ ಬಿಲ್’ ಎಂದು ಹೆಸರಾಯಿತು. ಯುದ್ಧ ಮುಗಿಸಿ ಬಂದ ಯೋಧನಿಗೆ ಓದಲು ವರ್ಷಕ್ಕೆ 500 ಡಾಲರ್ ತನಕ ಶುಲ್ಕ, ಜೊತೆಗೆ ಜೀವನಕ್ಕೆ ತಿಂಗಳಿಗೆ 50 ಡಾಲರ್, ಸಂಸಾರಸ್ಥನಾದರೆ 75. ಆಗ ಹಾರ್ವರ್ಡ್‌ನ ವಾರ್ಷಿಕ ಶುಲ್ಕ 400 ಡಾಲರ್. ಅಂದರೆ ಬಂದೂಕು ಕೆಳಗಿಟ್ಟು ಬಂದ ರೈತನ ಮಗ ಅಂಥ ಹೆಸರಾಂತ ವಿಶ್ವವಿದ್ಯಾಲಯದಲ್ಲಿ ಓದಿದರೂ ಶುಲ್ಕ ಕಟ್ಟಿ ಇನ್ನೂ ನೂರು ಡಾಲರ್ ಉಳಿಯುತ್ತಿತ್ತು. 22 ಲಕ್ಷ ಯೋಧರು ಕಾಲೇಜು ಸೇರಿದರು. ವೃತ್ತಿ ತರಬೇತಿಯೂ ಸೇರಿ ಒಟ್ಟು 78 ಲಕ್ಷ ಮಂದಿಗೆ ಸರ್ಕಾರ ಮಾಡಿದ ಖರ್ಚು 1,450 ಕೋಟಿ ಡಾಲರ್. ಇಂದಿನ ಬೆಲೆಯಲ್ಲಿ ಅದು 19 ಸಾವಿರ ಕೋಟಿ ಡಾಲರ್ ಆಸುಪಾಸು. ಇವತ್ತಿನ ಸಾಲದ ಬಾಕಿ ಅದರ ಎಂಟು ಪಟ್ಟು. ಜಿಐ ಬಿಲ್ಲಿನ ಹಣ ಸಾಲವಾಗಿರಲಿಲ್ಲ. ಅಲ್ಲೂ ಅನ್ಯಾಯವಿತ್ತು: ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಯೋಧರಿಗೆ ಬಿಳಿಯರ ಕಾಲೇಜುಗಳ ಬಾಗಿಲು ಮುಚ್ಚಿದ್ದರಿಂದ ಕಾಯ್ದೆ ಕೊಟ್ಟದ್ದನ್ನು ಅವರಲ್ಲಿ ಬಹಳ ಮಂದಿ ಮುಟ್ಟಲಾಗಲಿಲ್ಲ.

ಯೋಧರಲ್ಲದ ವಿದ್ಯಾರ್ಥಿಗಳಿಗೆ ದೊಡ್ಡ ಪ್ರಮಾಣದಲ್ಲಿ ಸಾಲ ಬಂದದ್ದು ಒಂದು ಲೋಹದ ಗೋಳದ ದೆಸೆಯಿಂದ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಡಾಯಿಸಿತು. 58 ಸೆಂಟಿಮೀಟರ್ ಅಡ್ಡಳತೆ, 83.6 ಕಿಲೋ ತೂಕ. ಅಷ್ಟು ಸಣ್ಣ ವಸ್ತು ತಲೆಯ ಮೇಲೆ ಸುತ್ತುತ್ತಾ ಬೀಪ್ ಬೀಪ್ ಎಂದದ್ದಕ್ಕೆ ಅಮೆರಿಕ ಬೆಚ್ಚಿಬಿತ್ತು. ಹನ್ನೊಂದು ತಿಂಗಳೂ ತುಂಬಿರಲಿಲ್ಲ, 1958ರ ಸೆಪ್ಟೆಂಬರ್ 2ರಂದು ಅಧ್ಯಕ್ಷ ಐಸೆನ್‌ಹೋವರ್ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಹೆಸರಿನಲ್ಲೇ ‘ರಕ್ಷಣೆ’ ಇದೆ. ಗಣಿತ, ವಿಜ್ಞಾನ, ವಿದೇಶಿ ಭಾಷೆ ಬಲ್ಲವರು ದೇಶಕ್ಕೆ ಸೈನ್ಯದಷ್ಟೇ ಅಗತ್ಯ ಎಂದು ಸಂಸತ್ತು ಒಪ್ಪಿಕೊಂಡಿತ್ತು.

ಆ ಕಾಯ್ದೆಯ ಸಾಲದ ಷರತ್ತುಗಳನ್ನು ಇಂದು ಓದಿದರೆ ನಂಬಲು ಕಷ್ಟವಾಗುತ್ತದೆ. ವರ್ಷಕ್ಕೆ ಒಂದು ಸಾವಿರ ಡಾಲರ್, ಒಟ್ಟು ಐದು ಸಾವಿರದ ಮಿತಿ. ಬಡ್ಡಿ ಶೇ. 3. ಪೂರ್ಣಾವಧಿ ಓದು ನಿಲ್ಲಿಸಿ ಒಂದು ವರ್ಷ ಕಳೆಯುವ ತನಕ ಬಡ್ಡಿಯೇ ಇಲ್ಲ. ಆಮೇಲೆ ತೀರಿಸಲು ಹತ್ತು ವರ್ಷ. ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿ ಸೇರಿದರೆ ವರ್ಷಕ್ಕೆ ಶೇ. 10ರಂತೆ ಅರ್ಧ ಸಾಲದ ತನಕ ಮನ್ನಾ. ಮಿತಿಯವರೆಗೂ ಸಾಲ ಪಡೆದವನಿಗೆ ಬಡ್ಡಿ ಶುರುವಾದ ಮೇಲೂ ದಿನಕ್ಕೆ ಬೀಳುತ್ತಿದ್ದದ್ದು 41 ಸೆಂಟ್. ಅಂದಿನಿಂದ ಇಂದಿಗೆ ಬೆಲೆಗಳು ಸುಮಾರು 11 ಪಟ್ಟು ಏರಿವೆ; ಹಾಗೆ ಹಿಡಿದರೂ ಇಂದಿನ ನಾಲ್ಕೂವರೆ ಡಾಲರ್.

ಅದೇ ಕಾಯ್ದೆಯಲ್ಲಿ ಪಿಎಚ್‌ಡಿ ಮಾಡುವವರಿಗೆ ಬೇರೆ ಅಧ್ಯಾಯವಿತ್ತು, ಅದು ಸಾಲವಲ್ಲ. ಮೊದಲ ವರ್ಷ ಒಂದು ಸಾವಿರ ಫೆಲೋಶಿಪ್, ಆಮೇಲೆ ವರ್ಷಕ್ಕೆ ಒಂದೂವರೆ ಸಾವಿರ. ಮೊದಲ ವರ್ಷಕ್ಕೆ 2,000 ಡಾಲರ್, ಎರಡನೆಯದಕ್ಕೆ 2,200, ಮೂರನೆಯದಕ್ಕೆ 2,400, ಮನೆಯಲ್ಲಿ ಅವಲಂಬಿತರಿದ್ದರೆ ತಲೆಗೆ 400 ಡಾಲರ್ ಹೆಚ್ಚುವರಿ. ಸಂಶೋಧಕನಿಗೂ ಹೆಂಡತಿ ಮಕ್ಕಳು ಇರುತ್ತಾರೆ, ಅವರೂ ಉಣ್ಣಬೇಕು ಎಂಬುದನ್ನು ಒಂದು ಕಾಯ್ದೆ ನೆನಪಿಟ್ಟುಕೊಂಡಿದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಆ ಮೊದಲ ವರ್ಷಕ್ಕೆ ಎಲ್ಲ ವಿದ್ಯಾರ್ಥಿಗಳ ಸಾಲಕ್ಕೆಂದು ಕಾಯ್ದೆ ಅನುಮತಿಸಿದ ಹಣ 4.75 ಕೋಟಿ ಡಾಲರ್. ಈಚೆಗೆ ಸ್ನಾತಕೋತ್ತರದವರು ಮಾತ್ರ ವರ್ಷವೊಂದರಲ್ಲಿ ಪಡೆಯುವ ಕೇಂದ್ರ ಸಾಲ 3,900 ಕೋಟಿ ಡಾಲರ್ ಆಸುಪಾಸು. ಬೆಲೆಯೇರಿಕೆ ಕಳೆದು ನೋಡಿದರೂ ಎಪ್ಪತ್ತು ಪಟ್ಟಿಗೂ ಹೆಚ್ಚು.

ನಡುವಿನ ಕಥೆ ಉದ್ದದ್ದು. 1965ರ ನವೆಂಬರ್ 8ರಂದು ಲಿಂಡನ್ ಜಾನ್ಸನ್ ತಾವು ಓದಿದ ಟೆಕ್ಸಸ್‌ನ ಸ್ಯಾನ್ ಮಾರ್ಕೋಸ್ ಕಾಲೇಜಿಗೇ ಹೋಗಿ ಉನ್ನತ ಶಿಕ್ಷಣ ಕಾಯ್ದೆಗೆ ಸಹಿ ಹಾಕಿದರು. ಈಗಿನ ಸಾಲ ವ್ಯವಸ್ಥೆಗೆ ಅದೇ ಬುನಾದಿ. ಸ್ನಾತಕೋತ್ತರದವರ ಮಟ್ಟಿಗೆ ಮೂರು ತಿರುವುಗಳನ್ನು ಹೇಳಿದರೆ ಸಾಕು.

ಒಂದು, 2006ರ ಜುಲೈ 1. ಗ್ರ್ಯಾಡ್ ಪ್ಲಸ್ ಶುರುವಾದ ದಿನ. ಅದಕ್ಕೆ ಒಟ್ಟು ಮಿತಿಯೇ ಇರಲಿಲ್ಲ. ವಿಶ್ವವಿದ್ಯಾಲಯ ತನ್ನಲ್ಲಿ ಓದಲು ಇಷ್ಟು ಖರ್ಚು ಎಂದು ಬರೆದುಕೊಟ್ಟರೆ ಅಷ್ಟೂ ಸಾಲ ಸಿಗುತ್ತಿತ್ತು. ಶುಲ್ಕ ನಿಗದಿ ಮಾಡುವವರು ವಿಶ್ವವಿದ್ಯಾಲಯದವರು, ಹಣ ಕೊಡುವುದು ಸರ್ಕಾರ, ತೀರಿಸುವುದು ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ ಹುಡುಗಿಯರು. ಈ ಮೂವರಲ್ಲಿ ಇಲ್ಲ ಎನ್ನುವ ಶಕ್ತಿ ಎಲ್ಲರಿಗಿಂತ ಕಡಿಮೆ ಇದ್ದದ್ದು ಕೊನೆಯವರಿಗೆ.

ಎರಡು, 2012ರ ಜುಲೈ 1. ಅಲ್ಲಿಯವರೆಗೆ ಸ್ನಾತಕೋತ್ತರದವರ 20,500 ಡಾಲರಿನಲ್ಲಿ 8,500ರ ತನಕ ಓದುವ ಅವಧಿಯ ಬಡ್ಡಿಯನ್ನು ಸರ್ಕಾರವೇ ಭರಿಸುತ್ತಿತ್ತು. 1958ರ ಕಾಯ್ದೆಯ ಉದಾರತೆಯಲ್ಲಿ ಉಳಿದಿದ್ದ ಕೊನೆಯ ಎಳೆ ಅದು. ವಿತ್ತೀಯ ಕೊರತೆ ತಗ್ಗಿಸುವ 2011ರ ಕಾಯ್ದೆ ಅದನ್ನು ಕತ್ತರಿಸಿತು. ಉಳಿಸಿದ ಹಣದ ದೊಡ್ಡ ಪಾಲು ಪದವಿಯವರ ಪೆಲ್ ಸಹಾಯಧನಕ್ಕೆ ಹೋಯಿತು. ಉದ್ದೇಶ ಕೆಟ್ಟದ್ದೆನ್ನಲಾರೆ, ಆದರೆ ಬಡ ತಮ್ಮನಿಗೆ ಕೊಡಲು ಬಡ ಅಕ್ಕನಿಂದ ಕಿತ್ತುಕೊಂಡಂತೆ ಆಯಿತು.

ಮೂರು, 2013. ಅಂದಿನಿಂದ ಬಡ್ಡಿ ದರವನ್ನು ಸರ್ಕಾರದ ಸ್ವಂತ ಸಾಲಕ್ಕೆ ಕಟ್ಟಿಹಾಕಿದರು. ಪ್ರತಿ ಮೇ ತಿಂಗಳಲ್ಲಿ ಅಮೆರಿಕದ ಖಜಾನೆ ಹತ್ತು ವರ್ಷದ ಬಾಂಡ್‌ಗಳನ್ನು ಹರಾಜು ಹಾಕುತ್ತದೆ. ಅಲ್ಲಿ ಹುಟ್ಟಿದ ದರಕ್ಕೆ ಸ್ನಾತಕೋತ್ತರದವರಿಗೆ 3.6, ಗ್ರ್ಯಾಡ್ ಪ್ಲಸ್‌ಗೆ 4.6 ಅಂಶ ಸೇರಿಸುತ್ತಾರೆ. 2024ರ ಮೇ ಹರಾಜಿನಲ್ಲಿ ಬಂದದ್ದು 4.483, ಅದರಿಂದಲೇ 8.08 ಮತ್ತು 9.08. ಲೋಕವೆಲ್ಲ ಸರ್ಕಾರಕ್ಕೆ ನಾಲ್ಕೂವರೆಗೆ ಸಾಲ ಕೊಡುವಾಗ, ಸರ್ಕಾರ ತನ್ನ ಮುಂದಿನ ವೈದ್ಯರಿಗೆ, ವಕೀಲರಿಗೆ ಅದರ ಎರಡು ಪಟ್ಟಿಗೆ ಕೊಡುತ್ತದೆ. ತೀರಿಸದೆ ಉಳಿಯುವ ಸಾಲ, ಮನ್ನಾ ಆಗುವ ಸಾಲ ಇವೆಲ್ಲ ಸೇರಿ ಸರ್ಕಾರಕ್ಕೆ ಇದರಿಂದ ಲಾಭವೇ ಆಗುತ್ತದೆ ಎಂದು ಹೇಳುವಂತಿಲ್ಲ. ಆದರೆ ತಪ್ಪದೆ ಕಂತು ಕಟ್ಟುವವರ ಮೇಲೆ ಬೀಳುವ ಭಾರ ಇದರಿಂದ ಕಡಿಮೆಯಾಗುವುದಿಲ್ಲ.

ಸಹಾಯಧನ ಇಲ್ಲವೇ ಇಲ್ಲವೆಂದಲ್ಲ. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1952ರಿಂದ ಪೂರ್ಣಾವಧಿ ಸಂಶೋಧನಾ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡುತ್ತಿದೆ. ಈಗ ವರ್ಷಕ್ಕೆ 37,000 ಡಾಲರ್ ವಿದ್ಯಾರ್ಥಿಗೆ, 16,000 ಡಾಲರ್ ವಿಶ್ವವಿದ್ಯಾಲಯಕ್ಕೆ, ಹೀಗೆ ಮೂರು ವರ್ಷ. ತಲೆಗೆ 1,59,000 ಡಾಲರ್. ಇದನ್ನು ಪಡೆದವರಲ್ಲಿ 40ಕ್ಕೂ ಹೆಚ್ಚು ಮಂದಿ ಮುಂದೆ ನೊಬೆಲ್ ಗೆದ್ದಿದ್ದಾರೆ. ಗೂಗಲ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದುವಾಗ ಈ ಫೆಲೋಶಿಪ್ಪಿನಲ್ಲಿದ್ದರು. ಸರ್ಕಾರದ ಯಾವ ಖರ್ಚಿಗೆ ಇಂಥ ಫಲ ಸಿಕ್ಕಿದೆ ಎಂದು ಹುಡುಕಿದರೆ ಹೆಚ್ಚು ಉದಾಹರಣೆಗಳು ಸಿಗಲಿಕ್ಕಿಲ್ಲ. ಆದರೆ ವರ್ಷಕ್ಕೆ ಇದು ಸಿಗುತ್ತಿದ್ದದ್ದು ಎರಡು ಸಾವಿರ ಮಂದಿಗೆ. ಅವರೆಲ್ಲರ ಮೂರು ವರ್ಷದ ಖರ್ಚು ಕೂಡಿದರೆ 31.8 ಕೋಟಿ ಡಾಲರ್, ಅಂದರೆ ಸ್ನಾತಕೋತ್ತರದವರಿಗೆ ಒಂದೇ ವರ್ಷ ಕೊಡುವ ಸಾಲದ ನೂರರಲ್ಲಿ ಒಂದು ಪಾಲೂ ಅಲ್ಲ. 2025ರ ಏಪ್ರಿಲ್‌ನಲ್ಲಿ ಆ ಸಂಖ್ಯೆಯನ್ನೂ ಒಂದು ಸಾವಿರಕ್ಕೆ ಇಳಿಸಿದರು, ಜೂನ್‌ನಲ್ಲಿ ಮತ್ತೆ ಐನೂರು ಸೇರಿಸಿದರು.

ಸಾಲ ಮನ್ನಾದ ಅಂಕಿಗಳೂ ಬೆರಗಿನವೇ. 2007ರಲ್ಲಿ ಒಂದು ಕಾಯ್ದೆ ಬಂತು: ಸರ್ಕಾರಿ ಶಾಲೆ, ಧರ್ಮಾರ್ಥ ಆಸ್ಪತ್ರೆ, ಬಡವರ ಪರ ವಾದಿಸುವ ವಕೀಲರ ಕಚೇರಿ, ಇಂಥ ಕಡೆ ದುಡಿಯುತ್ತಾ 120 ಕಂತು ಕಟ್ಟಿದರೆ ಉಳಿದದ್ದು ಮನ್ನಾ. ಹತ್ತು ವರ್ಷ ನಂಬಿಕೆಯಿಂದ ಕಟ್ಟಿದವರು 2017ರ ಅಕ್ಟೋಬರ್‌ನಿಂದ ಅರ್ಜಿ ಹಾಕತೊಡಗಿದರು. 2018ರ ಜೂನ್ ಮುಗಿಯುವಾಗ ಅರ್ಜಿ ಹಾಕಿದ್ದವರು 28 ಸಾವಿರ ಮಂದಿ. ಸಾಲ ಮನ್ನಾ ಆಗಿದ್ದು 96 ಮಂದಿಗೆ. ತೊಂಬತ್ತಾರು ಸಾವಿರವಲ್ಲ, ತೊಂಬತ್ತಾರು. ತಪ್ಪು ಬಗೆಯ ಸಾಲ, ತಪ್ಪು ಬಗೆಯ ಕಂತು ಯೋಜನೆ, ಸಹಿ ಬಿಟ್ಟುಹೋದ ನಮೂನೆ ಎಂದು ಉಳಿದವರಲ್ಲಿ ಬಹುಪಾಲು ಮಂದಿ ತಿರಸ್ಕೃತರಾದರು. ಮುಂದೆ ನಿಯಮ ಸಡಿಲಿಸಿದ ಮೇಲೆ 2024ರ ಅಕ್ಟೋಬರ್ ಹೊತ್ತಿಗೆ ಇದೇ ಕಾಯ್ದೆಯಡಿ ಮನ್ನಾ ಪಡೆದವರ ಸಂಖ್ಯೆ 10 ಲಕ್ಷ ದಾಟಿತು. ಕಾಯ್ದೆಯ ಆಶಯ ಅದೇ ಇತ್ತು; ಬದಲಾದದ್ದು ಕಾಗದ ಓದುವ ಕಣ್ಣು. ಕಚೇರಿಯ ಕಿಟಕಿಯ ಆಚೆ ಕೂತವರ ಮನಸ್ಸು 96 ಮತ್ತು 10 ಲಕ್ಷದ ನಡುವಿನ ವ್ಯತ್ಯಾಸವಾಗಬಲ್ಲದು ಎಂಬುದನ್ನು ನಮ್ಮ ವಿದ್ಯಾರ್ಥಿವೇತನದ ಅರ್ಜಿಗಳಿಗಾಗಿ ತಾಲ್ಲೂಕು ಕಚೇರಿ ಅಲೆದವರು ಯಾರೂ ಅಲ್ಲಗಳೆಯಲಾರರು.

ಎಲ್ಲರಿಗೂ ಒಂದಿಷ್ಟು ಮನ್ನಾ ಮಾಡಲು ಜೋ ಬೈಡನ್ ಸರ್ಕಾರ ಹೊರಟಿತ್ತು. ಫಲಾನುಭವಿಗಳು 4 ಕೋಟಿ 30 ಲಕ್ಷ ಮಂದಿ, ಖರ್ಚು 40 ಸಾವಿರ ಕೋಟಿ ಡಾಲರ್ ಎಂದು ಅಂದಾಜಾಗಿತ್ತು. ಕರ್ನಾಟಕದಲ್ಲಿ 2018ರ ಜುಲೈ ಬಜೆಟ್ಟಿನಲ್ಲಿ ಎಚ್.ಡಿ. ಕುಮಾರಸ್ವಾಮಿ ರೈತರ ಬೆಳೆ ಸಾಲ ಮನ್ನಾ ಘೋಷಿಸಿದಾಗ ಮೊತ್ತ 34 ಸಾವಿರ ಕೋಟಿ ರೂಪಾಯಿ. ಅಷ್ಟು ಹಣ ಎಲ್ಲಿಂದ ತರುತ್ತಾರೆ ಎಂದು ನಾಡೇ ತಿಂಗಳುಗಟ್ಟಲೆ ಮಾತಾಡಿತ್ತು. ಬೈಡನ್ ಯೋಜನೆಯ ಮೊತ್ತ ರೂಪಾಯಿಯಲ್ಲಿ 34 ಲಕ್ಷ ಕೋಟಿ, ನಮ್ಮದರ ಸರಿಯಾಗಿ ನೂರು ಪಟ್ಟು. 2023ರ ಜೂನ್ 30ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆರು-ಮೂರರ ಬಹುಮತದಲ್ಲಿ ಅದನ್ನು ರದ್ದು ಮಾಡಿತು. ದಿವಾಳಿ ಅರ್ಜಿಯ ದಾರಿಯೂ ಸುಲಭವಲ್ಲ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಮಾಡಿ ಕೆಲಸ ಸಿಗದ ಒಬ್ಬ ಮಹಿಳೆಯ ಸುಮಾರು 9 ಸಾವಿರ ಡಾಲರ್ ಸಾಲದ ಮೊಕದ್ದಮೆಯಲ್ಲಿ 1987ರಲ್ಲಿ ಬಂದ ತೀರ್ಪಿನ ಮೂರು ಕಠಿಣ ಪರೀಕ್ಷೆಗಳನ್ನೇ ಇಂದಿಗೂ ಆ ದೇಶದ ಹೆಚ್ಚಿನ ನ್ಯಾಯಾಲಯಗಳು ಲಕ್ಷಾಂತರ ಡಾಲರ್ ಸಾಲದವರ ಮೇಲೂ ಪ್ರಯೋಗಿಸುತ್ತವೆ.

2025ರ ಜುಲೈ 4ರಂದು ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಕಾಯ್ದೆ ಇಡೀ ಚಿತ್ರವನ್ನು ಬದಲಿಸಿತು. ಅದರ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ ಇಲ್ಲ. ಸಾಮಾನ್ಯ ಸ್ನಾತಕೋತ್ತರದವರಿಗೆ ವರ್ಷಕ್ಕೆ 20,500, ಒಟ್ಟು ಒಂದು ಲಕ್ಷ ಡಾಲರ್. ‘ವೃತ್ತಿಪರ’ ಎನ್ನಿಸಿಕೊಂಡ ಕೋರ್ಸಿನವರಿಗೆ ವರ್ಷಕ್ಕೆ 50,000, ಒಟ್ಟು ಎರಡು ಲಕ್ಷ. ಮಿತಿ ಹಾಕಿದರೆ ವಿಶ್ವವಿದ್ಯಾಲಯಗಳು ಶುಲ್ಕ ಇಳಿಸುತ್ತವೆ ಎಂಬುದು ಅದರ ಬೆಂಬಲಿಗರ ವಾದ. ಆ ವಾದದಲ್ಲಿ ಸತ್ಯದ ಅಂಶವಿದೆ. ಮಿತಿಯಿಲ್ಲದ ಸಾಲ ಶುಲ್ಕವನ್ನು ಏರಿಸಲು ಅವಕಾಶ ಕೊಟ್ಟಿತು ಎಂದು ನಾನೂ ನಂಬುತ್ತೇನೆ. ಆದರೆ ಶುಲ್ಕ ಇಳಿಯುವ ಮೊದಲು ಸಾಲ ನಿಲ್ಲುತ್ತದೆ. ಲಕ್ಷ ಡಾಲರ್ ಖರ್ಚಿನ ಕಡೆ 50 ಸಾವಿರ ಮಾತ್ರ ಸಿಕ್ಕವಳು ಉಳಿದ 50 ಸಾವಿರಕ್ಕೆ ಖಾಸಗಿ ಬ್ಯಾಂಕಿನ ಮುಂದೆ ನಿಲ್ಲಬೇಕು. ಅಲ್ಲಿ ಜಾಮೀನು ಹಾಕುವ ಸ್ಥಿತಿವಂತ ಬಂಧು ಬೇಕಾಗುತ್ತದೆ. ಅಂಥ ಬಂಧು ಇಲ್ಲದವರಿಗಾಗಿಯೇ ಸರ್ಕಾರಿ ಸಾಲ ಹುಟ್ಟಿದ್ದು. ಯಾವುದು ವೃತ್ತಿಪರ ಎಂಬ ಪಟ್ಟಿಯನ್ನು 2025ರ ಕೊನೆಗೆ ಶಿಕ್ಷಣ ಇಲಾಖೆ ಮುಂದಿಟ್ಟಾಗ ವೈದ್ಯಕೀಯ, ದಂತವೈದ್ಯ, ಕಾನೂನು, ಪಶುವೈದ್ಯ, ದೇವತಾಶಾಸ್ತ್ರ ಅದರಲ್ಲಿದ್ದವು. ನರ್ಸಿಂಗ್ ಇರಲಿಲ್ಲ. ಕೋವಿಡ್ ಕಾಲದಲ್ಲಿ ಇಡೀ ಲೋಕ ಚಪ್ಪಾಳೆ ತಟ್ಟಿದ್ದು ಯಾರಿಗೆ ಎಂಬುದು ಐದೇ ವರ್ಷದಲ್ಲಿ ಮರೆತುಹೋಗಬಾರದಿತ್ತು.

ಈ ಸಾಲ, ಈ ಫೆಲೋಶಿಪ್ ಯಾವುದೂ ನಮ್ಮಿಂದ ಹೋದ ಮಕ್ಕಳಿಗೆ ದಕ್ಕುವುದಿಲ್ಲ. ಅವು ಅಲ್ಲಿನ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ, ಇನ್ನು ಕೆಲವೇ ಬಗೆಯವರಿಗೆ. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಅವರಲ್ಲಿ 1,96,567 ಮಂದಿ ಸ್ನಾತಕೋತ್ತರದವರು. ಪಿಎಚ್‌ಡಿಗೆ ಹೋದವರಲ್ಲಿ ಹಲವರನ್ನು ಪ್ರಾಧ್ಯಾಪಕರ ಯೋಜನೆಗಳಿಗೆ ಬರುವ ಸರ್ಕಾರಿ ಹಣ ಸಂಶೋಧನಾ ಸಹಾಯಕರ ಸಂಬಳದ ರೂಪದಲ್ಲಿ ಸಾಕುತ್ತದೆ. ಎಂಎಸ್‌ಗೆ ಹೋಗುವ ಹಾಸನ, ದಾವಣಗೆರೆ, ಹುಬ್ಬಳ್ಳಿಯ ಹುಡುಗರಿಗೆ ಆ ಆಸರೆಯೂ ಅಪರೂಪ. ಅವರ ಸಾಲ ಇಲ್ಲಿನದು. ಏಳೂವರೆ ಲಕ್ಷ ರೂಪಾಯಿ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ. ಅಪ್ಪ ಕಟ್ಟಿಸಿದ ಮನೆಯ ಪತ್ರ ಬೀರುವಿನಿಂದ ಹೊರಬರುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ವರ್ಷಕ್ಕೆ 22 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಒಳಗೊಳ್ಳಬಲ್ಲದು, ಆದರೆ ಅದು ದೇಶದೊಳಗಿನ 860 ಉತ್ತಮ ಸಂಸ್ಥೆಗಳಿಗೆ.

ಹಿಂದೊಮ್ಮೆ ನಮ್ಮ ಕಡೆಯ ಒಂದು ಸರ್ಕಾರವೇ ಕೊಲಂಬಿಯಾಕ್ಕೆ ಹಣ ಕಟ್ಟಿ ವಿದ್ಯಾರ್ಥಿಯನ್ನು ಕಳಿಸಿತ್ತು. 1913ರಲ್ಲಿ ಬರೋಡ ಸಂಸ್ಥಾನದ ಸಯಾಜಿರಾವ್ ಗಾಯಕವಾಡರು 22 ವರ್ಷದ ಭೀಮರಾವ್ ಅಂಬೇಡ್ಕರರಿಗೆ ಮಂಜೂರು ಮಾಡಿದ್ದು ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷದ ಅವಧಿಗೆ. ಒಟ್ಟು 414 ಪೌಂಡ್, ಅಂದಿನ ವಿನಿಮಯದಲ್ಲಿ ಸುಮಾರು 2,015 ಡಾಲರ್. ನೂರಾ ಹತ್ತು ವರ್ಷದ ಬೆಲೆಯೇರಿಕೆ ಸೇರಿಸಿದರೆ ಇಂದಿನ 64 ಸಾವಿರ ಡಾಲರ್ ಆಸುಪಾಸು. ಅದೇ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ಇವತ್ತು ಒಂದು ವರ್ಷದ ಬೋಧನಾ ಶುಲ್ಕಕ್ಕೂ ಅದು ಸಾಲದು. ಅಂಬೇಡ್ಕರರು ಆ ಮೂರು ವರ್ಷದಲ್ಲಿ ಊಟ ವಸತಿಯನ್ನೂ ನಿಭಾಯಿಸಿ ಅರ್ಥಶಾಸ್ತ್ರದಲ್ಲಿ 29, ಇತಿಹಾಸದಲ್ಲಿ 11, ಸಮಾಜಶಾಸ್ತ್ರದಲ್ಲಿ 6, ತತ್ತ್ವಶಾಸ್ತ್ರದಲ್ಲಿ 5, ಮಾನವಶಾಸ್ತ್ರದಲ್ಲಿ 4, ರಾಜ್ಯಶಾಸ್ತ್ರದಲ್ಲಿ 3, ಜೊತೆಗೆ ಫ್ರೆಂಚ್ ಮತ್ತು ಜರ್ಮನ್ ಒಂದೊಂದು, ಹೀಗೆ 60 ಕೋರ್ಸುಗಳಿಗೆ ಹೆಸರು ಬರೆಸಿದರು. 414 ಪೌಂಡಿಗೆ ಭಾರತ ಪಡೆದದ್ದನ್ನು ಯಾವ ಲೆಕ್ಕದ ಪುಸ್ತಕದಲ್ಲೂ ಬರೆಯಲಾಗದು. ಇಂದು ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಅಂಥ ಅವಕಾಶ ವರ್ಷಕ್ಕೆ 125 ಮಂದಿಗೆ, ಅದರಲ್ಲಿ ಪರಿಶಿಷ್ಟ ಜಾತಿಯವರಿಗೆ 115. ನೂರನಲವತ್ತು ಕೋಟಿ ಜನರ ದೇಶದಲ್ಲಿ ಈ ಸಂಖ್ಯೆ ನನಗೆ 1.6 ಲಕ್ಷ ಕೋಟಿಗಿಂತಲೂ ಹೆಚ್ಚು ದಿಗಿಲು ಹುಟ್ಟಿಸುತ್ತದೆ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಕನ್ನಡ, ಇತಿಹಾಸ, ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುವ ಮಕ್ಕಳು ಎದುರು ನೋಡುವುದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್. 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಮೂರು ವರ್ಷ 42,000. ಮನೆ ಬಾಡಿಗೆ ಭತ್ಯೆ ಬಿಟ್ಟು ಐದು ವರ್ಷಕ್ಕೆ ಸರಿಯಾಗಿ 24 ಲಕ್ಷ. ಮೂರು ಲಕ್ಷ ಡಾಲರಿನಲ್ಲಿ ಇಂಥ ಹತ್ತು ಮಂದಿ ಸಂಶೋಧಕರನ್ನು ಐದು ವರ್ಷ ಪೂರ್ತಿ ಸಾಕಬಹುದು, ಆಮೇಲೂ ಹದಿನೈದು ಲಕ್ಷ ಉಳಿಯುತ್ತದೆ. ಇದು ಸಾಲವಲ್ಲ, ಯಾರೂ ಹಿಂದಿರುಗಿಸಬೇಕಿಲ್ಲ. ಇದನ್ನು ಹೀಗೆ ಇಟ್ಟುಕೊಂಡಿರುವುದು ನಮ್ಮ ದೇಶದ ಹೆಮ್ಮೆ ಎಂದೇ ಹೇಳುತ್ತೇನೆ. ಆದರೆ ಅದನ್ನು ಪಡೆಯಲು ಬರೆಯಬೇಕಾದ ನೆಟ್ ಪರೀಕ್ಷೆಯನ್ನು 2024ರ ಡಿಸೆಂಬರ್ ಸರದಿಯಲ್ಲಿ ಬರೆದವರು 6,49,490 ಮಂದಿ, ಜೆಆರ್‌ಎಫ್ ಸಿಕ್ಕಿದ್ದು 5,158 ಮಂದಿಗೆ. ನೂರಿಪ್ಪತ್ತಾರರಲ್ಲಿ ಒಬ್ಬರಿಗೆ. ಸಿಗದವರು ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೇರಿದರೆ ತಿಂಗಳಿಗೆ 8,000 ರೂಪಾಯಿ. ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಆ ಎಂಟು ಸಾವಿರ ಎಂಟು ಸಾವಿರವಾಗಿಯೇ ಇದೆ. ಜೆಆರ್‌ಎಫ್ ಮೊತ್ತ ಏರಿಸಿದ ಪ್ರತಿ ಸಲವೂ ಇದನ್ನೂ ಅದೇ ಪ್ರಮಾಣದಲ್ಲಿ ಏರಿಸಬೇಕು ಎಂಬ ಬೇಡಿಕೆಯನ್ನು ವಿದ್ಯಾರ್ಥಿಗಳಷ್ಟೇ ಅಲ್ಲ, ಅವರಿಗೆ ಪಾಠ ಹೇಳುವವರೂ ಬೀದಿಗಿಳಿದು ಮುಂದಿಡಬೇಕಾಗಿದೆ.